ಒಡೆದವರಿಗೆ ಪಿಟೀಲಿಲ್ಲ

‘ಲೆಜೆಂಡ್ಸ್ ಆಫ್ ದ ಫಾಲ್’ ಸಿನಿಮಾ ನೋಡಿ ಅಳದವಳು ಹೆಂಗಸೇ ಅಲ್ಲ ಎಂಬ ತೀರ್ಪೊಂದು ನಮ್ಮ ಗೆಳತಿಯರ ಬಳಗದಲ್ಲಿ ಬಹಳ ವರ್ಷಗಳಿಂದ ಜಾರಿಯಲ್ಲಿದೆ. ನಾನೂ ಅತ್ತಿದ್ದೇನೆ. ವಿಡಿಯೋ ಕ್ಯಾಸೆಟ್ಟಿನ ಕಾಲದಲ್ಲಿ ಒಂದು ಸಲ, ಟಿವಿಯಲ್ಲಿ ಎರಡು ಸಲ, ಈಚೆಗೆ ಮಗಳ ಲ್ಯಾಪ್‌ಟಾಪಿನಲ್ಲಿ ಮತ್ತೊಂದು ಸಲ. ಆದ್ದರಿಂದ ನಿನ್ನದು ಕಲ್ಲು ಮನಸ್ಸು ಎಂದು ನನ್ನನ್ನು ಯಾರೂ ಅನ್ನುವ ಹಾಗಿಲ್ಲ. ನನಗೆ ಕೇಳಬೇಕಾಗಿರುವುದು ಇಷ್ಟೇ: ನಮ್ಮನ್ನು ಅಳಿಸಿದವರು ಯಾರು, ಯಾರ ಸಲುವಾಗಿ ಅಳಿಸಿದರು, ಅತ್ತು ಮೂಗೊರೆಸಿಕೊಂಡು ಏಳುವಾಗ ನಮ್ಮ ಸೆರಗಿಗೆ ಏನು ಕಟ್ಟಿ ಕಳಿಸಿದರು?

ನೋಡದವರಿಗಾಗಿ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. ಅಮೆರಿಕದ ಉತ್ತರ ಗಡಿಯಲ್ಲಿ ಮೊಂಟಾನಾ ಎಂಬ ರಾಜ್ಯ. ಇಪ್ಪತ್ತನೆಯ ಶತಮಾನ ಆಗಷ್ಟೇ ಕಣ್ಣು ಬಿಟ್ಟಿರುವ ಕಾಲ. ಅಲ್ಲಿಯ ಮೂಲನಿವಾಸಿಗಳಿಗೆ ಸರ್ಕಾರ ಮಾಡಿದ ಅನ್ಯಾಯ ಕಂಡು ರೋಸಿ, ಸೈನ್ಯ ಬಿಟ್ಟು ಬಂದ ಕರ್ನಲ್ ಲಡ್ಲೋ ಬೆಟ್ಟಗಳ ನಡುವೆ ಮನೆ ಕಟ್ಟಿ, ದನ ಕುದುರೆ ಸಾಕಿಕೊಂಡು ಮೂರು ಗಂಡುಮಕ್ಕಳನ್ನು ಬೆಳೆಸುತ್ತಾನೆ. ಹೆಂಡತಿ ಇಸಬೆಲ್ ಆ ಚಳಿಗಾಲ ನನ್ನಿಂದ ತಡೆಯಲಾಗದು ಎಂದು ಪೂರ್ವದ ಪಟ್ಟಣಕ್ಕೆ ಹೊರಟುಹೋಗುತ್ತಾಳೆ. (ಇಡೀ ಚಿತ್ರದಲ್ಲಿ ತನ್ನ ಹಿತ ತಾನು ತಿಳಿದವಳು ಅವಳೊಬ್ಬಳೇ ಎಂದು ನನ್ನ ಅಭಿಪ್ರಾಯ.) ಕಿರಿಯ ಮಗ ಸ್ಯಾಮ್ಯುಯಲ್, ತಾನು ಮದುವೆಯಾಗಲಿರುವ ಸುಸನ್ನಾಳನ್ನು ಮನೆಗೆ ಕರೆತರುತ್ತಾನೆ. ಅಷ್ಟರಲ್ಲಿ ಮೊದಲ ಮಹಾಯುದ್ಧ. ಮೂವರೂ ಹೋಗುತ್ತಾರೆ. ತಮ್ಮನನ್ನು ಜೋಪಾನವಾಗಿ ಕರೆತರುತ್ತೇನೆ ಎಂದು ಸುಸನ್ನಾಳಿಗೆ ಮಾತು ಕೊಟ್ಟ ನಡುವಿನವನು ಟ್ರಿಸ್ಟನ್, ತಮ್ಮನ ಹೆಣ ನೋಡಬೇಕಾಗುತ್ತದೆ. ಊರಿಗೆ ಬಂದವನು ಸುಸನ್ನಾಳನ್ನು ಪ್ರೀತಿಸುತ್ತಾನೆ; ಆಮೇಲೆ ಮನಸ್ಸಿನ ಬೇಗೆ ತಾಳಲಾರದೆ ಬಿಟ್ಟು ಹೋಗುತ್ತಾನೆ. ಹಡಗು, ಸಮುದ್ರ, ದೂರದ ದೇಶಗಳು. ಕಾಯುತ್ತೇನೆ ಎಂದವಳಿಗೆ ಬೇರೆ ಯಾರನ್ನಾದರೂ ಮದುವೆಯಾಗು ಎಂದು ಒಂದು ಕಾಗದ. ಅವಳು ಹಿರಿಯವನಾದ ಆಲ್ಫ್ರೆಡ್‌ನನ್ನು ಮದುವೆಯಾಗುತ್ತಾಳೆ. ಇವನು ವರ್ಷಗಳಾದ ಮೇಲೆ ಕಾಡುಕುದುರೆಗಳ ಹಿಂಡನ್ನು ಅಟ್ಟಿಕೊಂಡು ಮನೆಗೆ ಬರುತ್ತಾನೆ. ಮನೆಯ ಕ್ರೀ ಜನಾಂಗದ ಕೆಲಸದಾಕೆಯ ಮಗಳನ್ನು ಮದುವೆಯಾಗುತ್ತಾನೆ, ಎರಡು ಮಕ್ಕಳು. ಕಳ್ಳಸಾರಾಯಿ ಸಾಗಿಸುವ ವ್ಯಾಪಾರಕ್ಕೆ ಇಳಿಯುತ್ತಾನೆ. ಕಣಿವೆಯ ದಾರಿಯಲ್ಲಿ ಅಡ್ಡಗಟ್ಟಿದ ಪೊಲೀಸರ ಗುಂಡು ಬಂಡೆಗೆ ತಾಗಿ ಚಿಮ್ಮಿ ಅವಳಿಗೆ ಬಡಿಯುತ್ತದೆ. ಅವಳು ಸತ್ತಳು. ಜೈಲಿನಲ್ಲಿದ್ದ ಟ್ರಿಸ್ಟನ್‌ನನ್ನು ನೋಡಲು ಹೋದ ಸುಸನ್ನಾ, ಅವಳು ಸಾಯಲಿ ಎಂದು ನಾನೂ ಒಮ್ಮೆ ಬಯಸಿದ್ದೆ ಎಂದು ಹೇಳಿಕೊಳ್ಳುತ್ತಾಳೆ. ಗಂಡನ ಬಳಿ ಹೋಗು ಎನ್ನುತ್ತಾನೆ ಅವನು. ಅವಳು ಮನೆಗೆ ಹೋಗಿ, ಕೂದಲು ಕತ್ತರಿಸಿಕೊಂಡು, ಗುಂಡು ಹಾರಿಸಿಕೊಂಡು ಸಾಯುತ್ತಾಳೆ.

ಟ್ರಿಸ್ಟನ್ ಸಾಯುವುದು 1963ರಲ್ಲಿ. ಮುದುಕನಾಗಿ, ಕಾಡಿನಲ್ಲಿ, ಕರಡಿಯ ಜೊತೆ ಹೋರಾಡುತ್ತ. ಅದು ಒಳ್ಳೆಯ ಸಾವು ಎಂದು ಕಥೆ ಹೇಳುವ ಮುದುಕ ತೀರ್ಪು ಕೊಡುತ್ತಾನೆ.

ಚಿತ್ರ ಬಂದದ್ದು 1994ರಲ್ಲಿ. ಜಿಮ್ ಹ್ಯಾರಿಸನ್ 1979ರಲ್ಲಿ ಪ್ರಕಟಿಸಿದ ನೀಳ್ಗತೆಯನ್ನು ಎಡ್ವರ್ಡ್ ಝ್ವಿಕ್ ನಿರ್ದೇಶಿಸಿದರು. ಟ್ರಿಸ್ಟನ್ ಆಗಿ ಬ್ರ್ಯಾಡ್ ಪಿಟ್, ಸುಸನ್ನಾ ಆಗಿ ಜೂಲಿಯಾ ಓರ್ಮಂಡ್, ತಂದೆಯಾಗಿ ಆಂಥನಿ ಹಾಪ್ಕಿನ್ಸ್. ಜಾನ್ ಟೋಲ್ ಅವರ ಛಾಯಾಗ್ರಹಣಕ್ಕೆ ಆಸ್ಕರ್ ಬಂತು, ಬರಬೇಕಾದದ್ದೇ. ಆದರೆ ನಮ್ಮನ್ನು ಅಳಿಸಿದ್ದು ಕ್ಯಾಮೆರಾ ಅಲ್ಲ, ಜೇಮ್ಸ್ ಹಾರ್ನರ್ ಅವರ ಸಂಗೀತ. ಅನುಮಾನವಿದ್ದರೆ ಧ್ವನಿ ಪೂರ್ತಿ ಅಡಗಿಸಿ ಒಮ್ಮೆ ನೋಡಿ. ನಾನು ನೋಡಿದ್ದೇನೆ. ಉದ್ದ ಕೂದಲಿನ ಒಬ್ಬ ಸುಂದರಾಂಗ ಕುದುರೆಯ ಮೇಲೆ ಬರುತ್ತಾನೆ, ಹೋಗುತ್ತಾನೆ, ಮತ್ತೆ ಬರುತ್ತಾನೆ. ಮನೆಯವರು ಜಗುಲಿಯಲ್ಲಿ ನಿಂತು ನೋಡುತ್ತಾರೆ. ಅಷ್ಟೇ ಉಳಿಯುವುದು. ಧ್ವನಿ ಏರಿಸಿ, ಅದೇ ಮನುಷ್ಯ ಪುರಾಣಪುರುಷನಾಗಿಬಿಡುತ್ತಾನೆ.

ಆ ಸಂಗೀತ ಕೆಲಸ ಮಾಡುವ ಬಗೆ ಗಮನಿಸಬೇಕಾದದ್ದು. ಮನೆತನದ ಹೆಸರನ್ನೇ ಇಟ್ಟ ‘ಲಡ್ಲೋಗಳು’ ಎಂಬ ಭಾಗ ಒಂದು ಪಿಯಾನೋದಿಂದ ಶುರುವಾಗುತ್ತದೆ. ಪಕ್ಕದ ಮನೆಯಲ್ಲಿ ಯಾರೋ ತಮ್ಮಷ್ಟಕ್ಕೆ ನುಡಿಸಿಕೊಳ್ಳುತ್ತಿದ್ದಾರೆ ಎನ್ನುವಷ್ಟು ಸಂಕೋಚದಿಂದ. ಆಮೇಲೆ ಜೇ ಅಂಗರ್ ಅವರ ಪಿಟೀಲು ಬರುತ್ತದೆ. ಅದು ಸಭೆಯ ಪಿಟೀಲಲ್ಲ, ಹಳ್ಳಿಯ ಕುಣಿತಕ್ಕೆ ನುಡಿಸುವ ಜಾನಪದ ಪಿಟೀಲು, ಆದ್ದರಿಂದ ನಮಗೆ ತವರಿನ ನೆನಪಾದ ಹಾಗಾಗುತ್ತದೆ. ನಾವು ಮೆತ್ತಗಾದದ್ದು ನೋಡಿಕೊಂಡು ಲಂಡನ್ ಸಿಂಫನಿ ವಾದ್ಯವೃಂದದ ತಂತಿವಾದ್ಯಗಳೆಲ್ಲ ಒಟ್ಟಿಗೆ ಏಳುತ್ತವೆ. ಆ ಹೊತ್ತಿಗೆ ವಾದ ಮಾಡುವ ಶಕ್ತಿ ಯಾರಿಗಿರುತ್ತದೆ? ಆ ಒಂದು ಧಾಟಿ ಚಿತ್ರದುದ್ದಕ್ಕೂ ಬೇರೆ ಬೇರೆ ಉಡುಪಿನಲ್ಲಿ ಮರಳಿ ಬರುತ್ತದೆ. ಹಾರ್ನರ್ ಸಾಮಾನ್ಯರಲ್ಲ. 1953ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಕಲಿತು, 1997ರ ‘ಟೈಟಾನಿಕ್’ ಚಿತ್ರಕ್ಕೆ ಎರಡು ಆಸ್ಕರ್ ಪಡೆದವರು. 2015ರಲ್ಲಿ ತಮ್ಮ ಪುಟ್ಟ ವಿಮಾನ ಅಪಘಾತಕ್ಕೀಡಾಗಿ ತೀರಿಕೊಂಡರು. ಅವರ ಕೈಗುಣದ ಬಗ್ಗೆ ನನಗೆ ಗೌರವವಿದೆ. ಗೌರವ ಇರುವುದರಿಂದಲೇ ಜಗಳ. ಸೋತ ಸಂಗೀತದ ಜೊತೆ ಯಾರಾದರೂ ಜಗಳವಾಡುತ್ತಾರೆಯೇ?

ಈಗ ಆ ಸಂಗೀತದ ಆಲ್ಬಮ್ಮಿನ ಹಿಂಬದಿಯನ್ನು ಓದಿ. ಹದಿಮೂರು ಭಾಗ, ಒಟ್ಟು ಒಂದೂಕಾಲು ಗಂಟೆಯ ಆಸುಪಾಸು. ಹೆಸರುಗಳು ಹೀಗಿವೆ: ಲಡ್ಲೋಗಳು. ಯುದ್ಧಕ್ಕೆ ಹೊರಟದ್ದು. ಹುಡುಗರಿಗೆ. ಸ್ಯಾಮ್ಯುಯಲನ ಸಾವು. ಆಲ್ಫ್ರೆಡ್ ಹೆಲೆನಾಗೆ ಹೋದದ್ದು. ಟ್ರಿಸ್ಟನ್ ಮರಳಿದ್ದು. ಸೇಡು. ಕೊನೆಯದಂತೂ ಹದಿನೈದು ನಿಮಿಷದ್ದು, ಅದರ ಹೆಸರು ‘ಆಲ್ಫ್ರೆಡ್, ಟ್ರಿಸ್ಟನ್, ಕರ್ನಲ್, ದಂತಕಥೆ’. ಮನೆಯ ನಾಲ್ಕು ಗಂಡಸರ ಹೆಸರೂ ಬಂತು. ಕುದುರೆಗಳಿಗೂ ಒಂದು ಭಾಗದಲ್ಲಿ ಪಾಲು ಸಿಕ್ಕಿದೆ. ಸುಸನ್ನಾಳ ಹೆಸರು ಹುಡುಕಿ. ಎಲ್ಲಿಯೂ ಇಲ್ಲ. ಮೂವರು ಅಣ್ಣತಮ್ಮಂದಿರ ಬದುಕು ಅವಳ ಸುತ್ತ ತಿರುಗಿತು, ಅವಳು ಕೂತಳು, ಕಾದಳು, ಕಟ್ಟಿಕೊಂಡಳು, ಸತ್ತಳು, ಹದಿಮೂರು ಭಾಗಗಳಲ್ಲಿ ಒಂದಕ್ಕೂ ಅವಳ ಹೆಸರಿಲ್ಲ. ಇನ್ನೊಬ್ಬಳ ಹೆಸರಿದೆ, ಹತ್ತನೆಯ ಭಾಗದಲ್ಲಿ: ‘ಇಸಬೆಲ್ಲಳ ಕೊಲೆ, ಸ್ಯಾಮ್ಯುಯಲನ ನೆನಪು’. ಸ್ಯಾಮ್ಯುಯಲನ ಸಾವಿಗೆ ಎಂಟು ನಿಮಿಷ ಮೀರಿದ ಸಂಗೀತ ಆಗಲೇ ಸಂದಿತ್ತು. ಇವಳದು ನಾಲ್ಕು ನಿಮಿಷ ತುಂಬುವುದಿಲ್ಲ, ಅದರಲ್ಲೂ ಮೈದುನನಿಗೆ ಪಾಲು!

ಸಂಗೀತ ಪಾಠ ಹೇಳುವ ಗೆಳತಿಯೊಬ್ಬಳು, ‘ಹಿಂಬದಿಯ ಹೆಸರು ಹಿಡಿದು ಜಗಳಕ್ಕೆ ನಿಲ್ಲುವುದು ಸಣ್ಣತನ ಕಣೇ. ರಾಗಕ್ಕೆ ಗಂಡು ಹೆಣ್ಣು ಎಲ್ಲಿ? ಸ್ವರ ಯಾರನ್ನೂ ಕೊಲ್ಲುವುದಿಲ್ಲ’ ಎಂದಳು. ಸ್ವರ ಕೊಲ್ಲುವುದಿಲ್ಲ, ನಿಜ. ಕೊಂದದ್ದನ್ನು ಸಲೀಸು ಮಾಡಿ ಕೊಡುತ್ತದೆ. ಕಥೆ ಹೇಳುವ ಮುದುಕ ಒನ್ ಸ್ಟ್ಯಾಬ್ ಒಂದು ಮಾತು ಹೇಳುತ್ತಾನೆ: ಟ್ರಿಸ್ಟನ್ ಬಂಡೆಯಂಥವನು, ಅವನನ್ನು ಪ್ರೀತಿಸಿದವರು ಆ ಬಂಡೆಗೆ ಬಡಿದು ಒಡೆದುಹೋದರು ಎಂಬರ್ಥದ್ದು. ಇದೇ ಚಿತ್ರದ ತಿರುಳು. ಬಂಡೆಗೆ ಏನು ತಪ್ಪಿದೆ ಹೇಳಿ? ಅದು ತನ್ನ ಪಾಡಿಗೆ ನಿಂತಿತ್ತು. ಹೋಗಿ ಬಡಿದುಕೊಂಡವರದೇ ಕರ್ಮ! ಇದನ್ನು ಬರೀ ಮಾತಿನಲ್ಲಿ ಹೇಳಿದ್ದರೆ ನಮ್ಮ ಅಡುಗೆಮನೆಗಳಲ್ಲಿ ಯಾರಾದರೂ ಒಬ್ಬಳು ಸೌಟು ಹಿಡಿದು ಎದ್ದು ನಿಲ್ಲುತ್ತಿದ್ದಳು. ವಾದ್ಯವೃಂದದ ಅಲೆಯ ಮೇಲೆ ತೇಲಿಸಿಬಿಟ್ಟರೆ ಯಾರೂ ಏಳುವುದಿಲ್ಲ.

ಒಂದೊಂದು ಸಾವಿಗೂ ಕಾರಣವಿದೆ, ಆ ಕಾರಣ ಕಣ್ಣಿಗೆ ಕಾಣುವಂಥದು ಎಂಬುದನ್ನು ನಾವು ಮರೆಯುತ್ತೇವೆ. ಎರಡನೆಯ ಇಸಬೆಲ್ ಸತ್ತದ್ದು ವಿಧಿಯಿಂದಲ್ಲ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧವಿತ್ತು, ಕದ್ದು ಹೆಂಡ ಮಾರಿದವರಿಗೆ ಸುಗ್ಗಿಯ ಕಾಲ ಅದು. ಆ ದಂಧೆಯನ್ನು ಹಿಡಿದುಕೊಂಡ ಪುಂಡರು ಈ ದಾರಿಗೆ ಬರಬೇಡ ಎಂದು ಟ್ರಿಸ್ಟನ್‌ಗೆ ಎಚ್ಚರಿಕೆ ಕೊಟ್ಟಿದ್ದರು. ಅವನು ಕೇಳಲಿಲ್ಲ. ಪೊಲೀಸರು ಪುಂಡರ ಕೈಗೊಂಬೆಗಳು. ಗಂಡಸಿನ ಹಟ, ಕಳ್ಳಸಾರಾಯಿ, ಕೊಂಡುಕೊಂಡ ಪೊಲೀಸು, ನಡುವೆ ಮಕ್ಕಳನ್ನು ಕೂರಿಸಿಕೊಂಡು ಬರುತ್ತಿದ್ದ ಹೆಂಗಸು. ಸಾರಾಯಿ ಅಂಗಡಿಗಳ ಮುಂದೆ ಧರಣಿ ಕೂತು, ಬೈಸಿಕೊಂಡು, 2007ರಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತದ್ದನ್ನು ಕಂಡ ನಮ್ಮ ಹೆಣ್ಣುಮಕ್ಕಳಿಗೆ ಈ ಲೆಕ್ಕ ಬಿಡಿಸಿ ಹೇಳಬೇಕೇ? ಆದರೂ ಆ ದೃಶ್ಯದಲ್ಲಿ ನಮಗೆ ಲೆಕ್ಕ ತೋಚುವುದಿಲ್ಲ. ಅವನು ಹೆಂಡತಿಯನ್ನು ಎದೆಗೊತ್ತಿಕೊಂಡು ಕೂತದ್ದು ತೋಚುತ್ತದೆ. ಪಾಪ, ಅವನಿಗೆ ಎಷ್ಟು ದುಃಖ!

ಅವಳ ಹೆಸರನ್ನು ಇನ್ನೊಮ್ಮೆ ನೋಡಿ. ಮನೆಯೊಡತಿಯ ಹೆಸರು ಇಸಬೆಲ್, ಆದ್ದರಿಂದ ಕೆಲಸದವಳ ಮಗಳು ‘ಇಸಬೆಲ್ ಟೂ’. ಹೆಸರಿನಲ್ಲೇ ಎರಡನೆಯವಳು. ಚಿಕ್ಕವಳಾಗಿದ್ದಾಗಲೇ ಟ್ರಿಸ್ಟನ್‌ನನ್ನು ಮದುವೆಯಾಗುತ್ತೇನೆ ಎಂದು ಹೇಳುತ್ತಿದ್ದ ಹುಡುಗಿಗೆ ಚಿತ್ರದಲ್ಲಿ ಬೇರೆ ಆಸೆಯೇ ಇಲ್ಲ. ಅವಳ ತಾಯಿಯ ಜನ, ಮೊಂಟಾನಾದ ಕ್ರೀಗಳು, ನಿಜದಲ್ಲಿ ಆಗ ಹೇಗಿದ್ದರು? 1896ರಲ್ಲಿ ಅಮೆರಿಕದ ಸೈನ್ಯ ಅವರನ್ನು ನೂರಾರು ಸಂಖ್ಯೆಯಲ್ಲಿ ಒಟ್ಟುಗೂಡಿಸಿ, ನೀವು ಈ ದೇಶದವರಲ್ಲ ಎಂದು ಗಡಿ ದಾಟಿಸಿ ಕೆನಡಾಕ್ಕೆ ತಳ್ಳಿತು. ಬಹಳ ಜನ ಮತ್ತೆ ಬಂದರು. ಪಟ್ಟಣಗಳ ಅಂಚಿನಲ್ಲಿ ಗುಡಿಸಲು ಹಾಕಿಕೊಂಡು, ಸಿಕ್ಕಿದ್ದು ತಿಂದು ಬದುಕಿದರು. ಅವರಿಗೂ ಚಿಪ್ಪೆವಾ ಜನರಿಗೂ ಸೇರಿಸಿ ರಾಕಿ ಬಾಯ್ ಎಂಬ ಮೀಸಲು ಪ್ರದೇಶ ಸಿಕ್ಕಿದ್ದು 1916ರಲ್ಲಿ. ಚಿತ್ರದ ಕಥೆ ನಡೆಯುವ ರಾಜ್ಯವೂ ಅದೇ, ಕಾಲವೂ ಅದೇ. ಕರ್ನಲ್ ಸರ್ಕಾರವನ್ನು ಬಾಯಿತುಂಬ ಬೈಯುತ್ತಾನೆ, ಸರಿ. ಆದರೆ ಗಡಿ ದಾಟಿಸಿದ ಆ ಜನರ ಮೆರವಣಿಗೆ ಪರದೆಯ ಮೇಲೆ ಎಲ್ಲೂ ಬರುವುದಿಲ್ಲ. ಅವರಲ್ಲಿ ಒಬ್ಬ ಮುದುಕನನ್ನು ಕೂರಿಸಿ ಬಿಳಿಯರ ಹುಡುಗನ ಮಹಿಮೆ ಹೇಳಿಸಿದ್ದಾರೆ. ಆ ಪಾತ್ರ ಮಾಡಿದ ಗಾರ್ಡನ್ ಟೂಟೂಸಿಸ್ ಸ್ವತಃ ಕೆನಡಾದ ಮೂಲನಿವಾಸಿ, ಘನವಾದ ನಟ. ಅವರ ಕಂಠದಲ್ಲಿ ಏನು ಹೇಳಿದರೂ ನಂಬಬೇಕೆನಿಸುತ್ತದೆ. ಇನ್ನೊಂದು ತಮಾಷೆ: ಈ ಕಾಡುಬೆಟ್ಟಗಳ ಸಂಗೀತದ ನಡುವೆ ಹಾರ್ನರ್ ಊದಿಸಿರುವುದು ಜಪಾನಿನ ಶಾಕುಹಾಚಿ ಎಂಬ ಬಿದಿರಿನ ಕೊಳಲು. ಇಂಪಾಗಿದೆ. ಕ್ರೀಗಳಿಗೆ ಅವರದೇ ತಮಟೆ, ಅವರದೇ ಹಾಡು ಇದ್ದವು ಎಂಬುದು ಯಾರಿಗೆ ಬೇಕು?

ಪ್ರೀತಿಯ ಹೆಸರಿನಲ್ಲಿ ಹೆಣ್ಣನ್ನು ಸಾಯಿಸಿ ಅದಕ್ಕೆ ದೊಡ್ಡ ವಾದ್ಯಮೇಳ ಕೂರಿಸುವ ಚಾಳಿ ಹಾಲಿವುಡ್ ಹುಟ್ಟಿಸಿದ್ದಲ್ಲ. ಯುರೋಪಿನ ಆಪೆರಾಗಳಿಂದ ಬಂದ ಬಳುವಳಿ ಅದು. ಫ್ರೆಂಚ್ ಲೇಖಕಿ ಕ್ಯಾಥರೀನ್ ಕ್ಲೆಮಾಂ, ಮುಂದೆ ಕೆಲವು ವರ್ಷ ದೆಹಲಿಯಲ್ಲೂ ಇದ್ದವರು, 1979ರಲ್ಲಿ ಆಪೆರಾಗಳಲ್ಲಿ ಹೆಣ್ಣು ಸೋಲುವ ಬಗೆಯನ್ನು ಕುರಿತು ಒಂದು ಪುಸ್ತಕ ಬರೆದರು. 1988ರಲ್ಲಿ ಅದು ಇಂಗ್ಲಿಷಿಗೆ ಬಂತು. ಸಂಗೀತದ ಸೊಗಸಿಗೆ ಮೈಮರೆತವರು ಕಥೆಯನ್ನು ಕೇಳಿಸಿಕೊಳ್ಳುವುದೇ ಇಲ್ಲ, ಕೇಳಿಸಿಕೊಂಡರೆ ಅಲ್ಲಿ ಒಬ್ಬೊಬ್ಬಳೂ ಸಾಯುತ್ತಿರುವುದು ಕಾಣುತ್ತದೆ ಎಂಬುದು ಅವರ ವಾದ. ಕಾರ್ಮೆನ್ ಚೂರಿಗೆ ಸಿಗುತ್ತಾಳೆ, ಟೋಸ್ಕಾ ಕೋಟೆಯಿಂದ ಹಾರುತ್ತಾಳೆ, ಬಟರ್‌ಫ್ಲೈ ತಾನೇ ಇರಿದುಕೊಳ್ಳುತ್ತಾಳೆ, ವಿಯೊಲೆಟ್ಟಾ ಕ್ಷಯದಿಂದ ಹೋಗುತ್ತಾಳೆ. 1865ರಲ್ಲಿ ಮ್ಯೂನಿಕ್‌ನಲ್ಲಿ ಮೊದಲು ಆಡಿದ ವಾಗ್ನರನ ಆಪೆರಾದಲ್ಲಿ ನಾಯಕನ ಹೆಸರೇ ಟ್ರಿಸ್ಟನ್. ಅವನ ಹೆಣದ ಮೇಲೆ ಐಸೋಲ್ಡಾ ಹಾಡುತ್ತ ಹಾಡುತ್ತ ಪ್ರಾಣ ಬಿಡುತ್ತಾಳೆ. ಅಲ್ಲಿ ಒಂದು ನ್ಯಾಯವಾದರೂ ಇತ್ತು ಎನ್ನಬೇಕು. ಐಸೋಲ್ಡಾಳಿಗೆ ಹಾಡಿತ್ತು, ಕೊನೆಯ ಮಾತು ಅವಳದಾಗಿತ್ತು. ಮೊಂಟಾನಾದ ಟ್ರಿಸ್ಟನ್‌ನ ಹೆಂಗಸರಿಗೆ ಅದೂ ಇಲ್ಲ. ಸುಸನ್ನಾಳನ್ನು ಹೂಳಿದ ಮೇಲೆ, ಅವಳ ಗೋರಿಯ ಪಕ್ಕದಲ್ಲೇ ಅಣ್ಣತಮ್ಮಂದಿರು ಏನು ಮಾತಾಡುತ್ತಾರೆ ಗೊತ್ತೇ? ನಾನು ದೇವರ ಕಟ್ಟಳೆ, ಮನುಷ್ಯರ ಕಟ್ಟಳೆ ಎಲ್ಲ ಪಾಲಿಸಿದೆ, ನೀನು ಒಂದನ್ನೂ ಪಾಲಿಸಲಿಲ್ಲ, ಆದರೂ ಎಲ್ಲರೂ ನಿನ್ನನ್ನೇ ಹೆಚ್ಚು ಪ್ರೀತಿಸಿದರು ಎಂದು ಆಲ್ಫ್ರೆಡ್ ಕೊರಗುತ್ತಾನೆ. ಮಣ್ಣು ಇನ್ನೂ ಹಸಿ. ಅವಳು ಯಾಕೆ ಸತ್ತಳು ಎಂದು ಇಬ್ಬರಲ್ಲಿ ಒಬ್ಬನೂ ಕೇಳುವುದಿಲ್ಲ. ಯಾರಿಗೆ ಪ್ರೀತಿ ಎಷ್ಟು ಸೇರು ಸಂದಿತು ಎಂಬುದೇ ಅಲ್ಲಿ ತೂಕಕ್ಕೆ ಬಿದ್ದಿರುವುದು.

ದೂರದ ಮೊಂಟಾನಾದ ಉಸಾಬರಿ ನಿನಗೇಕೆ ಎಂದು ಕೇಳಿದವರಿದ್ದಾರೆ. ನನಗೆ ಒಬ್ಬ ದೊಡ್ಡಮ್ಮ ಇದ್ದರು. ದೊಡ್ಡಪ್ಪ ಮೂರು ಸಲ ಮನೆ ಬಿಟ್ಟು ಹೋದವರು. ಒಂದು ಸಲ ಆರು ತಿಂಗಳು, ಒಂದು ಸಲ ವರ್ಷದ ಮೇಲೆ, ಮತ್ತೊಂದು ಸಲ ನಾಲ್ಕು ವರ್ಷ. ಎಲ್ಲಿಗೆ ಹೋಗಿದ್ದರೆಂದು ಅವರು ಹೇಳಲಿಲ್ಲ, ಯಾರೂ ಒತ್ತಿ ಕೇಳಲಿಲ್ಲ. ಬಂದಾಗ ಗಡ್ಡ ಬೆಳೆದಿರುತ್ತಿತ್ತು, ಕಣ್ಣಿನಲ್ಲಿ ಏನೋ ಒಂದು ತೇಜಸ್ಸು ಇದೆ ಎಂದು ನೆಂಟರೆಲ್ಲ ಹೇಳುತ್ತಿದ್ದರು. ‘ಅವರು ಒಂದು ಕಡೆ ನಿಲ್ಲುವ ಜೀವವಲ್ಲ’ ಎನ್ನುವುದನ್ನು ನಮ್ಮ ಮನೆಯಲ್ಲಿ ಭಕ್ತಿಯಿಂದ ಹೇಳುವ ರೂಢಿ ಇತ್ತು. ಒಂದು ಕಡೆ ನಿಂತ ಜೀವ ದೊಡ್ಡಮ್ಮನದು. ಹಪ್ಪಳ ಲಟ್ಟಿಸಿ, ಸಂಡಿಗೆ ಇಟ್ಟು, ಎರಡು ಮಕ್ಕಳ ಫೀಸು ಕಟ್ಟಿ, ಬಾಡಿಗೆಯವರು ಬಾಗಿಲಿಗೆ ಬಂದಾಗ ಒಳಗಿನಿಂದಲೇ ಮಾತಾಡಿ ಕಳಿಸುತ್ತಿದ್ದರು. ದೊಡ್ಡಪ್ಪ ತೀರಿಕೊಂಡಾಗ ಮನೆ ತುಂಬ ಜನ. ಎಂಥ ಸ್ವತಂತ್ರ ಜೀವ, ಯಾವುದಕ್ಕೂ ಅಂಟಿಕೊಳ್ಳಲಿಲ್ಲ ಎಂದು ಒಬ್ಬರಾದ ಮೇಲೊಬ್ಬರು ಹೊಗಳಿದರು. ದೊಡ್ಡಮ್ಮ ತೀರಿಕೊಂಡಾಗ, ಪಾಪ ಬಹಳ ಕಷ್ಟಪಟ್ಟಳು ಎಂದರು. ಯಾರಿಂದ ಕಷ್ಟಪಟ್ಟಳು ಎಂಬುದನ್ನು ಮಾತಿನಿಂದ ಹೊರಗಿಟ್ಟೇ ಅಂದರು. ಮಳೆ ಬಂತು, ಬಿಸಿಲು ಬಂತು ಎನ್ನುವ ಹಾಗೆ, ಕಷ್ಟ ಬಂತು.

ಟ್ರಿಸ್ಟನ್ ಕುದುರೆಗಳ ಹಿಂಡಿನೊಡನೆ ಮರಳಿ ಬರುವ ದೃಶ್ಯದಲ್ಲಿ ವಾದ್ಯವೃಂದ ಮುಗಿಲು ಮುಟ್ಟಿದಾಗ ನನಗೆ ದೊಡ್ಡಪ್ಪ ನೆನಪಾಗುತ್ತಾರೆ. ಅವರು ನಾಲ್ಕು ವರ್ಷದ ಮೇಲೆ ಕೆಂಪು ಬಸ್ಸಿನಿಂದ ಇಳಿದು ಬಂದ ಸಂಜೆ, ಹಿನ್ನೆಲೆಯಲ್ಲಿ ಅಂಥ ಸಂಗೀತವೇನೂ ಇರಲಿಲ್ಲ. ಆದರೆ ನಮ್ಮೆಲ್ಲರ ಕಿವಿಯಲ್ಲಿ ಇತ್ತು. ದೊಡ್ಡಮ್ಮನೇ ಕಾಲಿಗೆ ನೀರು ತಂದುಕೊಟ್ಟರು.

ಹಾಗಂತ ಚಿತ್ರದ ಗಂಡಸಿಗೆ ದುಃಖವಿಲ್ಲ ಎಂದು ನಾನು ಹೇಳುವುದಿಲ್ಲ. ತಮ್ಮನನ್ನು ಮುಳ್ಳುತಂತಿಯ ಮೇಲೆ ಕಳೆದುಕೊಂಡವನ ಬೇಗೆ ಸುಳ್ಳಲ್ಲ. ಆ ಯುದ್ಧ ಎಷ್ಟೋ ಲಕ್ಷ ಮನೆಗಳಲ್ಲಿ ಅಂಥ ಗಂಡಸರನ್ನು ವಾಪಸು ಕಳಿಸಿತು. ಅವರಲ್ಲಿ ಬಹುಪಾಲು ಜನ ಹಡಗು ಹತ್ತಲಿಲ್ಲ. ಕೈ ನಡುಗುತ್ತಿದ್ದರೂ ದನ ಕಟ್ಟಿದರು, ಹೊಲ ಉತ್ತರು, ರಾತ್ರಿ ಕಿರುಚಿ ಎದ್ದಾಗ ಹೆಂಡತಿಯರು ನೀರು ಕೊಟ್ಟರು. ಅವರ ಬಗ್ಗೆ ದಂತಕಥೆ ಕಟ್ಟುವುದು ಕಷ್ಟ, ಯಾಕೆಂದರೆ ಅವರು ಮನೆಯಲ್ಲೇ ಇದ್ದರು. ಆಲ್ಫ್ರೆಡ್‌ನನ್ನೇ ನೋಡಿ. ತಪ್ಪದೆ ಇದ್ದವನು, ದುಡಿದವನು, ಕೊನೆಗೆ ಅಪ್ಪನನ್ನೂ ತಮ್ಮನನ್ನೂ ಗುಂಡಿನಿಂದ ಉಳಿಸಿದವನು, ತಮ್ಮನ ತಬ್ಬಲಿ ಮಕ್ಕಳ ಹೊಣೆ ಹೊತ್ತವನು. ಹುಡುಗಿಯರನ್ನು ಕೇಳಿ, ಆಲ್ಫ್ರೆಡ್ ಬೋರು ಎನ್ನುತ್ತಾರೆ. ನನ್ನ ಮಗಳೂ ಎಂದಳು. ‘ಅವನಿಗೆ ಮ್ಯೂಸಿಕ್ಕೇ ಇಲ್ಲವಲ್ಲಮ್ಮ’ ಎಂದಳು. ಅದನ್ನೇ ನಾನೂ ಹೇಳುತ್ತಿರುವುದು.

ಆ ಸಂಗೀತ ಈಗ ಚಿತ್ರವನ್ನು ಬಿಟ್ಟು ತಾನೇ ಊರೂರು ತಿರುಗುತ್ತಿದೆ. ಹೋದ ವರ್ಷ ನಮ್ಮ ನೆಂಟರ ಹುಡುಗಿಯ ಮದುವೆಯ ವಿಡಿಯೋ ಸಿದ್ಧವಾಗುತ್ತಿದ್ದಾಗ ಒಮ್ಮೆ ನೋಡಿಕೊಡಿ ಎಂದು ನನ್ನನ್ನು ಕರೆದಿದ್ದರು. ಧಾರೆ ಮುಗಿದು, ಹೆಣ್ಣು ಒಪ್ಪಿಸುವ ಶಾಸ್ತ್ರ. ಹುಡುಗಿ ತಲೆ ತಗ್ಗಿಸಿ ನಿಂತಿದ್ದಾಳೆ, ಅವಳ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಾರೆ, ಹಿನ್ನೆಲೆಯಲ್ಲಿ ಪಿಯಾನೋ, ಆಮೇಲೆ ಅದೇ ಪಿಟೀಲು, ಆಮೇಲೆ ಲಂಡನ್ನಿನ ತಂತಿಗಳೆಲ್ಲ ಒಟ್ಟಾಗಿ. ಲಡ್ಲೋಗಳು! ವಿಡಿಯೋ ಮಾಡುವ ಹುಡುಗನಿಗೆ ಅದು ಯಾವ ಚಿತ್ರದ್ದು ಎಂಬುದು ಗೊತ್ತಿರಲಿಲ್ಲ. ಎಲ್ಲ ಮದುವೆಗೂ ಇಲ್ಲಿ ಇದನ್ನೇ ಹಾಕುತ್ತೇನೆ ಅಮ್ಮಾ, ಎಲ್ಲರೂ ಅಳುತ್ತಾರೆ ಎಂದ. ಇದನ್ನು ತೆಗೆದು, ಆ ಹೊತ್ತಿನಲ್ಲಿ ಛತ್ರದಲ್ಲಿ ನಿಜವಾಗಿ ಏನು ಕೇಳುತ್ತಿತ್ತೋ ಅದನ್ನೇ ಹಾಕು ಎಂದೆ. ಅವನು ಹುಡುಕಿ ಹಾಕಿದ. ವಾಲಗದವರು ಊದುತ್ತಿದ್ದರು, ಯಾವುದೋ ಮಗು ರಚ್ಚೆ ಹಿಡಿದಿತ್ತು, ಊಟದ ಹಾಲಿನಿಂದ ಎಲೆ ಹಾಕಿಯಾಯಿತು ಎಂದು ಯಾರೋ ಕೂಗುತ್ತಿದ್ದರು, ಇವುಗಳ ನಡುವೆ ಹುಡುಗಿ ತನ್ನ ಅಮ್ಮನಿಗೆ, ‘ನಾನು ಭಾನುವಾರ ಬರ್ತೀನಿ, ನನ್ನ ಸರ್ಟಿಫಿಕೇಟುಗಳ ಫೈಲು ತೆಗೆದಿಟ್ಟಿರು’ ಎಂದು ಹೇಳುತ್ತಿದ್ದದ್ದು ಸ್ಪಷ್ಟವಾಗಿ ಕೇಳಿಸಿತು.

‘ಇದಕ್ಕೆ ಯಾರಿಗೂ ಅಳು ಬರೋದಿಲ್ಲ ಅಮ್ಮಾ’ ಎಂದ ಹುಡುಗ.

ಬರದಿದ್ದರೆ ಬೇಡ, ಇದನ್ನೇ ಇಡು ಎಂದೆ.